ಅಡ್ವೆಂಟ್ ಮನೆಯಲ್ಲಿ: ನಾಲ್ಕು ಕ್ಯಾಂಡಲ್, ಒಂದು ನೋಟ್‌ಬುಕ್, ಸಂಜೆಗೆ ಹತ್ತು ನಿಮಿಷ

ನವೆಂಬರ್ ಮೂರನೇ ವಾರ ಬಂತು ಅಂದರೆ ನನಗೆ ಒಂದೇ ಥರದ ಪ್ರಶ್ನೆಗಳು ಬರುತ್ತವೆ. "ಚರ್ಚ್‌ನಲ್ಲಿ ಅಡ್ವೆಂಟ್‌ಗೆ ಕ್ಯಾಂಡಲ್ ಹಚ್ಚುತ್ತಾರಲ್ಲ, ಅದನ್ನು ಮನೆಯಲ್ಲೂ ಮಾಡಬಹುದಾ?" "ಎಷ್ಟು ಕ್ಯಾಂಡಲ್? ಯಾವ ಬಣ್ಣ? ಏನು ಓದಬೇಕು?" "ಮಕ್ಕಳು ಕೂರೋದೇ ಇಲ್ಲ, ಏನು ಮಾಡಲಿ?" ಇನ್ನೊಂದು ಪ್ರಶ್ನೆಯೂ ಇದೆ. ಅದನ್ನು ಮಾತ್ರ ಆರಾಧನೆ ಮುಗಿದು, ಎಲ್ಲರೂ ಗೇಟಿನ ಹತ್ತಿರ ಹೋದ ಮೇಲೆ ಮೆಲ್ಲಗೆ ಕೇಳುತ್ತಾರೆ. "ಈ ವರ್ಷ ಮನೆಯಲ್ಲಿ ಸಾವಾಗಿದೆ. ಹಬ್ಬ ಮಾಡ್ತಾ ಇಲ್ಲ. ಅಡ್ವೆಂಟ್ ಮಾಡಬಹುದಾ?"

ಖಂಡಿತ ಮಾಡಬಹುದು. ಅಡ್ವೆಂಟ್ ಇರುವುದೇ ಅಂಥ ಮನೆಗಳಿಗೆ ಅಂತ ನನಗೆ ಅನ್ನಿಸುತ್ತದೆ. ಅದಕ್ಕೇ ಈ ಸಲ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ನೀವು ಕಥೋಲಿಕರಾಗಿರಲಿ, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಅವರಾಗಿರಲಿ, ಮೆಥೋಡಿಸ್ಟ್ ಆಗಿರಲಿ, ಇದನ್ನು ಪಾಲಿಸಬಹುದು. ರೂಢಿ ಬೇರೆ ಬೇರೆ ಇರುವ ಕಡೆ ಅಲ್ಲಲ್ಲೇ ಹೇಳಿದ್ದೇನೆ.

ಮೊದಲು, ಅಡ್ವೆಂಟ್ ಅಂದರೆ ಏನು?

ಲ್ಯಾಟಿನ್‌ನಲ್ಲಿ 'ಅದ್ವೆಂತುಸ್' ಅಂದರೆ ಬರುವುದು. ಕನ್ನಡದಲ್ಲಿ 'ಆಗಮನ ಕಾಲ' ಅನ್ನುತ್ತಾರೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳು ಇದರಲ್ಲಿ ಸೇರುತ್ತವೆ. ಸಭೆಯ ಹೊಸ ವರ್ಷ ಶುರುವಾಗುವುದೂ ಇಲ್ಲಿಂದಲೇ. ಬೆತ್ಲೆಹೇಮಿನಲ್ಲಿ ಹುಟ್ಟಿದ ಯೇಸುಸ್ವಾಮಿಯನ್ನು ನೆನೆಯುವುದು ಒಂದು, ಅವರು ಮತ್ತೆ ಬರುತ್ತಾರೆ ಅಂತ ಎದುರು ನೋಡುವುದು ಇನ್ನೊಂದು. ಈ ಎರಡರ ನಡುವೆ ನಾವು ಕಾಯುತ್ತಾ ಕೂತಿದ್ದೇವೆ.

ಕನ್ನಡ ಓದುವವರಿಗೆ ಇಲ್ಲಿ ಒಂದು ಭಾಗ್ಯ ಇದೆ. ನಮ್ಮ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲ್‌ನಲ್ಲಿ, 'ನಂಬಿಕೆ, ನಿರೀಕ್ಷೆ, ಪ್ರೀತಿ' ಅಂತ ಬರುತ್ತದೆ, ನೋಡಿದ್ದೀರಲ್ಲ. ನಿರೀಕ್ಷೆ ಅಂದರೆ ಭರವಸೆಯೂ ಹೌದು, ಎದುರು ನೋಡುವುದೂ ಹೌದು. ಒಂದೇ ಪದ. ಬಸ್ ಸ್ಟಾಪಿನಲ್ಲಿ ನಿಂತವರದ್ದೂ ನಿರೀಕ್ಷೆಯೇ, ಪ್ರವಾದಿ ಯೆಶಾಯನದ್ದೂ ನಿರೀಕ್ಷೆಯೇ. ಹಾಗೆಯೇ 'ಸಮಾಧಾನ'. ಆರಾಧನೆಯಲ್ಲಿ "ಸಮಾಧಾನವಿರಲಿ" ಅಂದಾಗ ಅದು ಶಾಂತಿ. ಮನೆಯಲ್ಲಿ ಮಗು ಅತ್ತಾಗ "ಸ್ವಲ್ಪ ಸಮಾಧಾನ ಮಾಡು" ಅನ್ನುತ್ತೇವಲ್ಲ, ಅದು ಸಂತೈಸುವುದು. ಈ ಎರಡು ಪದ ತಲೆಯಲ್ಲಿಟ್ಟುಕೊಂಡರೆ ಅಡ್ವೆಂಟ್‌ನ ಅರ್ಧ ದಾರಿ ಸಾಗಿದ ಹಾಗೆ.

ಏನೇನು ಬೇಕು?

ನಾಲ್ಕು ಕ್ಯಾಂಡಲ್, ಆಮೇಲೆ ಕೊನೆಯ ರಾತ್ರಿಗೆ ಒಂದು ಬಿಳಿ ಕ್ಯಾಂಡಲ್. ನಾಲ್ಕೈದು ಸ್ಟೀಲ್ ಲೋಟ ಮತ್ತು ಒಂದಿಷ್ಟು ಮರಳು. ಒಂದು ಅಗಲದ ತಟ್ಟೆ. ಹಳೇ ಕಾಟನ್ ಸೀರೆ ಅಥವಾ ಪಂಚೆ. ಸ್ವಲ್ಪ ಹಸಿರೆಲೆ. ಒಂದು ಸತ್ಯವೇದ, ಒಂದು ಇನ್ನೂರು ಪುಟದ ನೋಟ್‌ಬುಕ್, ಪೆನ್ನು. ಅಷ್ಟೇ. ಇದಕ್ಕಿಂತ ಜಾಸ್ತಿ ದುಡ್ಡು ಖರ್ಚು ಮಾಡಬೇಕಾದ ಅಗತ್ಯವಿಲ್ಲ.

ಹಂತ 1: ದಿನ ಗುರುತು ಹಾಕಿಕೊಳ್ಳಿ

ಅಡ್ವೆಂಟ್‌ನ ಮೊದಲ ಭಾನುವಾರ ಪ್ರತಿ ವರ್ಷ ಬದಲಾಗುತ್ತದೆ. ಲೆಕ್ಕ ಸುಲಭ. ನವೆಂಬರ್ 30 ಸಂತ ಅಂದ್ರೆಯನ ದಿನ. ಅದಕ್ಕೆ ಹತ್ತಿರದ ಭಾನುವಾರವೇ ಮೊದಲ ಭಾನುವಾರ. ಹಾಗಾಗಿ ಅದು ನವೆಂಬರ್ 27ಕ್ಕಿಂತ ಮುಂಚೆ ಬರುವುದಿಲ್ಲ, ಡಿಸೆಂಬರ್ 3 ದಾಟುವುದೂ ಇಲ್ಲ. 2026ರಲ್ಲಿ ನವೆಂಬರ್ 29, ಆಮೇಲೆ ಡಿಸೆಂಬರ್ 6, 13, 20. 2027ರಲ್ಲಿ ನವೆಂಬರ್ 28ಕ್ಕೆ ಶುರು.

ತುಂಬಾ ಜನ ಮಾಡುವ ತಪ್ಪು: ಡಿಸೆಂಬರ್ 1ಕ್ಕೆ ಶುರು ಅಂದುಕೊಂಡು ಮೊದಲ ಭಾನುವಾರ ತಪ್ಪಿಸಿಕೊಳ್ಳುತ್ತಾರೆ. ಅಂಗಡಿಯಲ್ಲಿ ಸಿಗುವ ಅಡ್ವೆಂಟ್ ಕ್ಯಾಲೆಂಡರ್‌ಗಳು 1ರಿಂದ 24ರವರೆಗೆ ಇರುವುದರಿಂದ ಈ ಗೊಂದಲ. ತಪ್ಪಿದ್ದರೂ ಪರವಾಗಿಲ್ಲ. ಎಲ್ಲಿ ನೆನಪಾಯಿತೋ ಅಲ್ಲಿಂದ ಶುರು ಮಾಡಿ.

ಊರಿಂದ ಹೊಸದಾಗಿ ಬೆಂಗಳೂರಿಗೆ ಬಂದವರು ಕನ್ನಡ ಆರಾಧನೆ ಎಲ್ಲಿದೆ ಅಂತ ಕೇಳುತ್ತಾರೆ. ಕಾರ್ಪೊರೇಷನ್ ವೃತ್ತದ ಹತ್ತಿರ ಹಡ್ಸನ್ ಸ್ಮಾರಕ ದೇವಾಲಯ ಇದೆ. 1904ರಲ್ಲಿ ಕಟ್ಟಿದ ಕಲ್ಲಿನ ಕಟ್ಟಡ. ಅವೆನ್ಯೂ ರಸ್ತೆಯಲ್ಲಿ ರೈಸ್ ಸ್ಮಾರಕ ದೇವಾಲಯ ಇದೆ. ಎರಡೂ ಕನ್ನಡ ಸಭೆಗಳೇ. ಕಥೋಲಿಕರಾದರೆ ನಿಮ್ಮ ಧರ್ಮಕೇಂದ್ರದ ಆಫೀಸಿನಲ್ಲಿ ಕನ್ನಡ ಪೂಜೆ ಎಷ್ಟು ಹೊತ್ತಿಗೆ ಅಂತ ಕೇಳಿ. ಡಿಸೆಂಬರ್‌ನಲ್ಲಿ ಸಮಯ ಬದಲಾಗುವುದು ಸಾಮಾನ್ಯ, ನೋಟಿಸ್ ಬೋರ್ಡ್ ನೋಡಿಕೊಂಡೇ ಹೊರಡಿ.

ಹಂತ 2: ರೀತ್ ಕಟ್ಟಿ

ರೀತ್ ಅಂದರೆ ಹಸಿರೆಲೆ ಸುತ್ತಿದ ಬಳೆ. ಅದರ ನಡುವೆ ನಾಲ್ಕು ಕ್ಯಾಂಡಲ್. ಈ ರೂಢಿ ಶುರುವಾದದ್ದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ, 1839ರಲ್ಲಿ. ಯೋಹಾನ್ ಹಿನ್ರಿಕ್ ವಿಶರ್ನ್ ಅನ್ನುವ ಪಾದ್ರಿ ಅಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದರು. ಕ್ರಿಸ್‌ಮಸ್ ಯಾವಾಗ, ಕ್ರಿಸ್‌ಮಸ್ ಯಾವಾಗ ಅಂತ ಮಕ್ಕಳು ದಿನಾ ಕೇಳುತ್ತಿದ್ದರಂತೆ. ಅವರು ಒಂದು ಗಾಡಿ ಚಕ್ರ ತಂದು, ಭಾನುವಾರಕ್ಕೆ ಒಂದು ದೊಡ್ಡ ಬಿಳಿ ಕ್ಯಾಂಡಲ್, ಉಳಿದ ದಿನಕ್ಕೆ ಒಂದೊಂದು ಸಣ್ಣ ಕೆಂಪು ಕ್ಯಾಂಡಲ್ ಇಟ್ಟರು. ದಿನ ಕಳೆದ ಹಾಗೆ ಬೆಳಕು ಹೆಚ್ಚಾಗುತ್ತಾ ಹೋಗುವುದನ್ನು ಮಕ್ಕಳು ಕಣ್ಣಾರೆ ನೋಡಲಿ ಅಂತ. ಯಾರೂ ಇಲ್ಲದ ಮಕ್ಕಳಿಗಾಗಿ ಹುಟ್ಟಿದ ರೂಢಿ ಇದು. ಚೆಂದ ಕಾಣಲಿ ಅಂತ ಹುಟ್ಟಿದ್ದಲ್ಲ. ಅದು ನೆನಪಿದ್ದರೆ ಸಾಕು, ಅಂಗಡಿಯಲ್ಲಿ ಸಾವಿರಾರು ರೂಪಾಯಿಯ ಪ್ಲಾಸ್ಟಿಕ್ ರೀತ್ ನೋಡಿದಾಗ ಕೈ ಹಿಂದೆ ಬರುತ್ತದೆ.

ಈಗ ಕಟ್ಟುವ ಬಗೆ. ಸೀರೆಯನ್ನು ಉದ್ದಕ್ಕೆ ಮಡಿಚಿ, ಇಬ್ಬರು ಎರಡು ತುದಿ ಹಿಡಿದು, ಬಿಗಿಯಾಗಿ ತಿರುಚಿ. ಬಟ್ಟೆ ಹಿಂಡುವಾಗ ತಿರುಚುತ್ತೇವಲ್ಲ, ಹಾಗೆ. ಆಮೇಲೆ ಬಿಂದಿಗೆ ಕೆಳಗೆ ಇಡುವ ಸಿಂಬೆಯ ಹಾಗೆ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ. ಒಳಗಿನ ಜಾಗ ನಿಮ್ಮ ತಟ್ಟೆಯಷ್ಟು ಅಗಲ ಇರಲಿ. ಈ ಸಿಂಬೆಯ ಸಂದಿಗೆ ಎಲೆ ಸಿಕ್ಕಿಸುತ್ತಾ ಬನ್ನಿ. ಪೈನ್ ಎಲೆ ಹುಡುಕಿಕೊಂಡು ಅಲೆಯಬೇಡಿ. ಮಾವಿನೆಲೆ ಚೆನ್ನಾಗಿ ನಿಲ್ಲುತ್ತದೆ. ಸರ್ವೆ ಮರದ ಸೊಪ್ಪು ಸಿಕ್ಕರೆ ಇನ್ನೂ ಒಳ್ಳೆಯದು. ಕೆ.ಆರ್. ಮಾರ್ಕೆಟ್‌ನ ಹೂವಿನ ಸಾಲಿಗೆ ಹೋದರೆ ಮರುಗ ಸಿಗುತ್ತದೆ. ಒಂದು ಕಟ್ಟು ಮರುಗ ಸಿಕ್ಕಿಸಿದರೆ ಸಂಜೆ ಕೂತಾಗ ಮನೆಯೆಲ್ಲ ಘಮ್ಮೆನ್ನುತ್ತದೆ.

ಲೋಟಗಳಿಗೆ ಮುಕ್ಕಾಲು ಭಾಗ ಮರಳು ತುಂಬಿ, ಕ್ಯಾಂಡಲ್ ನೆಟ್ಟಗೆ ಊರಿ, ತಟ್ಟೆಯ ಮೇಲಿಡಿ. ಸಿಂಬೆ ತಟ್ಟೆಯ ಹೊರಗಿರಲಿ.

ಕ್ಯಾಂಡಲ್ ಬಣ್ಣದ ಬಗ್ಗೆ: ಮೂರು ನೇರಳೆ, ಒಂದು ಗುಲಾಬಿ ಅನ್ನುವುದು ಹೆಚ್ಚು ಕಡೆ ಇರುವ ರೂಢಿ. ನೇರಳೆ ಅಂದರೆ ಪಶ್ಚಾತ್ತಾಪ, ಸಿದ್ಧತೆ. ಗುಲಾಬಿ ಮೂರನೇ ಭಾನುವಾರದ್ದು. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ ಮುಂದೆ, ವಿವೇಕನಗರದ ಬಾಲಯೇಸು ದೇವಾಲಯದ ಹತ್ತಿರ ವರ್ಷವಿಡೀ ಕ್ಯಾಂಡಲ್ ಮಾರುತ್ತಾರೆ. ಬೇಕಾದ ಬಣ್ಣ ಸಿಗದಿದ್ದರೆ ನಾಲ್ಕೂ ಬಿಳಿ ತನ್ನಿ. ವಿಶರ್ನ್ ಅವರ ಭಾನುವಾರದ ಕ್ಯಾಂಡಲ್‌ಗಳೂ ಬಿಳಿಯೇ ಅಲ್ವಾ? ಬೇಕಿದ್ದರೆ ಲೋಟಕ್ಕೆ ಬಣ್ಣದ ರಿಬ್ಬನ್ ಕಟ್ಟಿ.

ಇಲ್ಲಿ ಎಡವುವ ಜಾಗ ಮೂರು.

ಒಂದು, ಕ್ಯಾಂಡಲ್‌ನ ಅಳತೆ. ಮೊದಲ ವಾರ ಒಂದು, ಎರಡನೇ ವಾರ ಎರಡು, ಹೀಗೆ ವಾರಕ್ಕೊಂದು ಸೇರಿಸುತ್ತಾ ಹಚ್ಚುವುದರಿಂದ ಮೊದಲ ಕ್ಯಾಂಡಲ್ ಎಲ್ಲ ವಾರವೂ ಉರಿಯಬೇಕು. ದಿನಕ್ಕೆ ಹತ್ತು ನಿಮಿಷ ಅಂದರೂ 2026ರಲ್ಲಿ 26 ದಿನಕ್ಕೆ 260 ನಿಮಿಷ ಆಯಿತು. ನಾಲ್ಕನೆಯದಕ್ಕೆ 50 ನಿಮಿಷ ಸಾಕು. ಅಂಗಡಿಯ ತೆಳ್ಳನೆಯ ಕ್ಯಾಂಡಲ್ ಅಷ್ಟು ಹೊತ್ತು ಬರುವುದಿಲ್ಲ. ಮೊದಲನೆಯದಕ್ಕೆ ದಪ್ಪಗಿನದ್ದು ತನ್ನಿ. ಇಲ್ಲವೇ ಅದೇ ಬಣ್ಣದ್ದು ಇನ್ನೊಂದು ಎತ್ತಿಟ್ಟುಕೊಳ್ಳಿ.

ಎರಡು, ಬೆಂಕಿ. ಡಿಸೆಂಬರ್‌ನ ಒಣ ಗಾಳಿಗೆ ಎಲೆ ಮೂರು ದಿನದಲ್ಲಿ ಗರಿಗರಿಯಾಗುತ್ತದೆ. ವಾರಕ್ಕೊಮ್ಮೆ ಬದಲಾಯಿಸಿ. ಎಲೆ ಲೋಟದ ಅಂಚಿಗಿಂತ ಕೆಳಗಿರಲಿ. ಪರದೆ ಹತ್ತಿರ, ಫ್ಯಾನ್ ಕೆಳಗೆ ಇಡಬೇಡಿ. ಕ್ಯಾಂಡಲ್ ಉರಿಯುವಾಗ ಆ ಕೋಣೆಯಲ್ಲಿ ಒಬ್ಬ ದೊಡ್ಡವರು ಇರಲೇಬೇಕು.

ಮೂರು, ಪಿ.ಜಿ.ಯಲ್ಲಿ ಇರುವವರು. ತುಂಬಾ ಕಡೆ ಬೆಂಕಿ ಹಚ್ಚಲು ಬಿಡುವುದಿಲ್ಲ, ಅದು ಸರಿಯೇ. ಕದ್ದು ಹಚ್ಚಬೇಡಿ. ಬ್ಯಾಟರಿಯ ಪುಟ್ಟ ದೀಪ ನಾಲ್ಕು ತಂದು ಒಂದು ತಟ್ಟೆಯಲ್ಲಿಡಿ. ಪ್ರಾರ್ಥನೆಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ.

ಹಂತ 3: ಹತ್ತು ನಿಮಿಷ ಗೊತ್ತು ಮಾಡಿಕೊಳ್ಳಿ

ರಿಂಗ್ ರೋಡ್ ದಾಟಿ ಮನೆಗೆ ಬರುವಷ್ಟರಲ್ಲಿ ಎಂಟೂವರೆ. ಯಾರಿಗೂ ಅರ್ಧ ಗಂಟೆ ಕೂರುವ ತಾಳ್ಮೆ ಇರುವುದಿಲ್ಲ. ಹಾಗಾಗಿ ಹತ್ತು ನಿಮಿಷ ಅಂತ ನಿಗದಿ ಮಾಡಿ, ಅದನ್ನು ದಾಟಬೇಡಿ. ಊಟಕ್ಕೆ ತಟ್ಟೆ ಹಾಕುವ ಮುಂಚೆ ಮಾಡಿದರೆ ಒಳ್ಳೆಯದು. ಊಟ ಆದ ಮೇಲೆ ಅಂದರೆ ಒಬ್ಬರು ಫೋನ್ ಹಿಡಿದಿರುತ್ತಾರೆ, ಒಬ್ಬರು ಮಲಗಿರುತ್ತಾರೆ.

ಕ್ರಮ ಹೀಗಿರಲಿ. ಟ್ಯೂಬ್‌ಲೈಟ್ ಆರಿಸಿ. ಅರ್ಧ ನಿಮಿಷ ಕತ್ತಲಲ್ಲಿ ಸುಮ್ನೆ ಕೂರಿ. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು ಕ್ಯಾಂಡಲ್ ಹಚ್ಚಲಿ, ದೊಡ್ಡವರು ಕೈ ಹಿಡಿದುಕೊಳ್ಳಲಿ. ಒಬ್ಬರು ಓದಲಿ. ನೋಟ್‌ಬುಕ್‌ನಲ್ಲಿ ಬರೆಯಿರಿ. ಒಂದು ಚಿಕ್ಕ ಪ್ರಾರ್ಥನೆ, ಇಲ್ಲವೇ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ. ಒಂದು ಹಾಡಿನ ಒಂದೇ ಚರಣ. ಕ್ಯಾಂಡಲ್ ಆರಿಸಿ.

ಆ ಕತ್ತಲಿನ ಅರ್ಧ ನಿಮಿಷವನ್ನು ಬಿಟ್ಟುಬಿಡಬೇಡಿ. ಮಕ್ಕಳು ಕೂರುವುದಿಲ್ಲ ಅನ್ನುವವರಿಗೆ ಇದೇ ನನ್ನ ಉತ್ತರ. ಕತ್ತಲಾದ ಕೂಡಲೇ ಅವರು ತಾವಾಗಿಯೇ ಹತ್ತಿರ ಬಂದು ಕೂರುತ್ತಾರೆ. ಬೆಂಕಿಕಡ್ಡಿ ಗೀರಿದಾಗ ಎಲ್ಲರ ಮುಖ ಕಾಣುತ್ತದೆ. ಯೆಶಾಯ 9ರಲ್ಲಿ ಕತ್ತಲಲ್ಲಿ ನಡೆಯುತ್ತಿದ್ದ ಜನ ದೊಡ್ಡ ಬೆಳಕು ಕಂಡರು ಅಂತ ಬರುತ್ತದಲ್ಲ, ಅದನ್ನು ನೀವು ವಿವರಿಸಿ ಹೇಳಬೇಕಾಗಿಲ್ಲ. ಅವರಿಗೆ ಗೊತ್ತಾಗಿರುತ್ತದೆ.

ಮಕ್ಕಳು ಬೇರೆ ಊರಿನಲ್ಲಿದ್ದರೆ ವಿಡಿಯೋ ಕಾಲ್ ಮಾಡಿ. ಆದರೆ ಫೋನನ್ನು ರೀತ್ ಮುಂದೆ ನಿಲ್ಲಿಸಿ ಎಲ್ಲರೂ ಅದನ್ನೇ ನೋಡುತ್ತಾ ಕೂರಬೇಡಿ. ಖಾಲಿ ಕುರ್ಚಿಯ ಮೇಲೆ ಒರಗಿಸಿಡಿ, ಅವರೂ ಸುತ್ತ ಕೂತವರಲ್ಲಿ ಒಬ್ಬರಾಗಲಿ.

ಹಂತ 4: ವಾರ ವಾರದ ಓದು

ನಾಲ್ಕು ಕ್ಯಾಂಡಲ್‌ಗೆ ನಿರೀಕ್ಷೆ, ಸಮಾಧಾನ, ಸಂತೋಷ, ಪ್ರೀತಿ ಅಂತ ಹೆಸರು. ಕೆಲವು ಸಭೆಗಳಲ್ಲಿ ಪ್ರವಾದಿಗಳು, ಬೆತ್ಲೆಹೇಮ್, ಕುರುಬರು, ದೇವದೂತರು ಅಂತ ಹೆಸರಿಡುತ್ತಾರೆ. ನಿಮ್ಮ ಅಯ್ಯನವರೋ ಫಾದರೋ ಹೇಳಿದ ಕ್ರಮವೇ ಇರಲಿ.

ಮೊದಲ ವಾರ, ನಿರೀಕ್ಷೆ. ಯೆಶಾಯ 9:2-7, ರೋಮಾಪುರದವರಿಗೆ 15:13, ಕೀರ್ತನೆ 130. ಈ ಕೀರ್ತನೆ ಎಂಟೇ ವಚನ. ರಾತ್ರಿ ಕಾವಲುಗಾರ ಬೆಳಗಾಗುವುದನ್ನು ಎದುರು ನೋಡುವುದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸು ಕರ್ತನನ್ನು ಎದುರು ನೋಡುತ್ತದೆ ಅನ್ನುವ ಮಾತು ಅದರಲ್ಲಿದೆ. ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು, ಬೆಳಗಿನ ಜಾವ ನಾಲ್ಕಕ್ಕೆ ಕೈ ಉಜ್ಜಿಕೊಳ್ಳುತ್ತಾ ಕೂತಿರುವ ಸೆಕ್ಯೂರಿಟಿಯವರನ್ನು ನೆನೆದುಕೊಂಡು ಓದಿ. ಬೆಳಗಾಗುತ್ತದೋ ಇಲ್ಲವೋ ಅನ್ನುವ ಸಂಶಯ ಅವರಿಗಿಲ್ಲ. ಇನ್ನೂ ಆಗಿಲ್ಲ, ಅಷ್ಟೇ. ನಿರೀಕ್ಷೆ ಅಂದರೆ ಅದು.

ಎರಡನೇ ವಾರ, ಸಮಾಧಾನ. ಯೆಶಾಯ 40:1-11, ಯೆಶಾಯ 11:1-10, ಮತ್ತಾಯ 3:1-12. ಯೆಶಾಯ 40 ಶುರುವಾಗುವುದೇ ನನ್ನ ಜನರನ್ನು ಸಂತೈಸಿರಿ ಅನ್ನುವ ಮಾತಿನಿಂದ. ಬಾಬಿಲೋನಿಗೆ ಸೆರೆ ಹೋಗಿ, ಊರು ಕಳೆದುಕೊಂಡು, ದೇವಾಲಯ ಕಳೆದುಕೊಂಡು ಕೂತವರಿಗೆ ಆಡಿದ ಮಾತು ಅದು.

ಮೂರನೇ ವಾರ, ಸಂತೋಷ. ಗುಲಾಬಿ ಕ್ಯಾಂಡಲ್. ಇದಕ್ಕೆ 'ಗೌದೇತೆ' ಭಾನುವಾರ ಅಂತಲೂ ಹೆಸರು. ಲ್ಯಾಟಿನ್‌ನಲ್ಲಿ ಸಂತೋಷಪಡಿರಿ ಅಂತ. ಫಿಲಿಪ್ಪಿಯವರಿಗೆ 4:4-7, ಲೂಕ 1:46-55. ಎರಡನೆಯದು ಮರಿಯಳ ಸ್ತುತಿಗೀತೆ, 'ಮ್ಯಾಗ್ನಿಫಿಕಾತ್' ಅನ್ನುತ್ತಾರೆ. ಫಿಲಿಪ್ಪಿಯವರಿಗೆ ಪೌಲ ಪತ್ರ ಬರೆದದ್ದು ಬೇಡಿ ಹಾಕಿಸಿಕೊಂಡು ಕೂತಿದ್ದಾಗ. ಇದನ್ನು ಓದುವ ಮುಂಚೆ ಮನೆಯವರಿಗೆ ಹೇಳಿ. ಆಗ ಸಂತೋಷಪಡಿರಿ ಅನ್ನುವುದು ಶುಭಾಶಯದ ಕಾರ್ಡಿನ ಮಾತಿನ ಹಾಗೆ ಕೇಳುವುದಿಲ್ಲ.

ನಾಲ್ಕನೇ ವಾರ, ಪ್ರೀತಿ. ಲೂಕ 1:26-38, ಮತ್ತಾಯ 1:18-25.

ದಿನಾ ಹೊಸ ಓದು ಬೇಕು ಅನ್ನುವವರಿಗೆ ಇನ್ನೊಂದು ದಾರಿ ಇದೆ. ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯ. ಡಿಸೆಂಬರ್ 1ರಿಂದ 24ರವರೆಗೆ ದಿನಕ್ಕೊಂದು. ಆದರೆ ಅಧ್ಯಾಯಗಳು ಉದ್ದ, ಮೊದಲನೆಯದೇ 80 ವಚನ. ಚಿಕ್ಕ ಮಕ್ಕಳಿದ್ದರೆ ಇದು ಬೇಡ.

ಹಂತ 5: ಸ್ತೋತ್ರದ ನೋಟ್‌ಬುಕ್

ಸಭೆಯಲ್ಲಿ ನಾವು "ಸ್ತೋತ್ರ" ಅನ್ನುವುದು ಎಷ್ಟು ರೂಢಿಯಾಗಿದೆ ಅಂದರೆ, ಯಾತಕ್ಕೆ ಸ್ತೋತ್ರ ಅಂತ ಕೇಳಿದರೆ ತಕ್ಷಣ ಉತ್ತರ ಬರುವುದಿಲ್ಲ. ಕೃತಜ್ಞತೆ ಅನ್ನುವ ಪದವನ್ನು ಬಿಡಿಸಿದರೆ, ಮಾಡಿದ್ದನ್ನು ತಿಳಿದಿರುವುದು ಅಂತ ಅರ್ಥ. ತಿಳಿದಿರಬೇಕಾದರೆ ಮೊದಲು ನೋಡಬೇಕು. ನೋಟ್‌ಬುಕ್ ಇರುವುದು ಅದಕ್ಕೆ.

ದಿನಕ್ಕೆ ಒಂದು ಸಾಲು, ಒಬ್ಬೊಬ್ಬರದ್ದೂ. ತಾರೀಖು ಹಾಕಿ. ಅವತ್ತಿನದ್ದೇ ಇರಲಿ, ಬೆರಳಿಟ್ಟು ತೋರಿಸುವಂತೆ ಇರಲಿ. "ಆರೋಗ್ಯಕ್ಕಾಗಿ ಸ್ತೋತ್ರ" ಅಂತ ಬರೆದರೆ ಮೂರನೇ ದಿನಕ್ಕೆ ಬೇಜಾರು ಬರುತ್ತದೆ. "ಇವತ್ತು ವಾಟರ್ ಕ್ಯಾನ್ ಹುಡುಗ ಲಿಫ್ಟ್ ಕೆಟ್ಟಿದ್ದರೂ ಮೂರು ಮಹಡಿ ಹತ್ತಿ ಬಂದ" ಅಂತ ಬರೆಯಿರಿ. "ತಾತ ಮೊದಲನೇ ಸಲ ಕೋಲಿಲ್ಲದೆ ಬಾತ್‌ರೂಮ್‌ಗೆ ಹೋದರು" ಅಂತ ಬರೆಯಿರಿ. ಕೀರ್ತನೆ 103 ಆತನ ಉಪಕಾರಗಳನ್ನು ಮರೆಯಬೇಡ ಅನ್ನುತ್ತದೆ. ನಾವು ಮರೆಯುವುದು ಇಂಥವನ್ನೇ.

ವಾರಕ್ಕೊಂದು ಸಲ ಆ ಪಟ್ಟಿಯಿಂದ ಒಂದು ಹೆಸರು ಆರಿಸಿ, ಆ ವ್ಯಕ್ತಿಗೆ ನೇರವಾಗಿ ಹೇಳಿ. ಬೀದಿ ಗುಡಿಸುವ ಪೌರಕಾರ್ಮಿಕರು, ಬೆಳಿಗ್ಗೆ ಐದೂವರೆಗೆ ನಂದಿನಿ ಪ್ಯಾಕೆಟ್ ಗೇಟಿಗೆ ತೂಗುಹಾಕಿ ಹೋಗುವವರು, ಅಮ್ಮನನ್ನು ನೋಡಿಕೊಳ್ಳುವ ನರ್ಸ್. ಮೊದಲು ಹೆಸರು ಕೇಳಿ. ನಾಲ್ಕು ವರ್ಷದಿಂದ ಹಾಲು ಹಾಕುವವರ ಹೆಸರು ನಮಗೆ ಗೊತ್ತಿರುವುದಿಲ್ಲ! ಏನಾದರೂ ಕೊಡುವುದಾದರೆ ಹೊಸದು ಕೊಡಿ. ಬೀರು ಖಾಲಿ ಮಾಡಲು ಹಳೇ ಬಟ್ಟೆ ಕೊಟ್ಟು ಅದಕ್ಕೆ ಕ್ರಿಸ್‌ಮಸ್ ಉಡುಗೊರೆ ಅನ್ನಬೇಡಿ.

ಇಲ್ಲಿ ಎಚ್ಚರ ಇರಬೇಕಾದ ಎರಡು ವಿಷಯ. "ಎಷ್ಟೋ ಮಕ್ಕಳಿಗೆ ಊಟವೇ ಇಲ್ಲ, ನಿನಗೆ ಎಲ್ಲ ಇದೆ, ಸ್ತೋತ್ರ ಹೇಳು" ಅಂತ ಮಕ್ಕಳನ್ನು ಒತ್ತಾಯ ಮಾಡಬೇಡಿ. ಬೇರೆಯವರ ಹಸಿವನ್ನು ತೋರಿಸಿ ಪಡೆದ ಸ್ತೋತ್ರ ಸ್ತೋತ್ರವಲ್ಲ. ಇನ್ನೊಂದು, ಕಷ್ಟಕ್ಕೇ ಸ್ತೋತ್ರ ಹೇಳಬೇಕು ಅಂತ ಯಾರ ಮೇಲೂ ಹೇರಬೇಡಿ. 1 ಥೆಸಲೋನಿಕ 5:18 ಎಲ್ಲದರಲ್ಲಿಯೂ ಸ್ತೋತ್ರ ಮಾಡಿರಿ ಅನ್ನುತ್ತದೆ. ಆ 'ಅಲ್ಲಿ'ಯನ್ನು ಗಮನಿಸಿ. ಕಾಯಿಲೆಯಲ್ಲಿ ಇದ್ದುಕೊಂಡು ಸ್ತೋತ್ರ ಹೇಳುವುದು ಬೇರೆ, ಕಾಯಿಲೆ ಕೊಟ್ಟದ್ದಕ್ಕೆ ಸ್ತೋತ್ರ ಹೇಳು ಅನ್ನುವುದು ಬೇರೆ.

ಹಂತ 6: ದುಃಖದ ಮನೆಗೆ ಒಂದು ಸಲ ಹೋಗಿ ಬನ್ನಿ

ಇದನ್ನು ಎರಡನೇ ವಾರಕ್ಕೆ ಇಟ್ಟುಕೊಳ್ಳಿ. 20ನೇ ತಾರೀಖು ದಾಟಿದರೆ ಎಲ್ಲರೂ ಕೇಕ್, ಶಾಪಿಂಗ್ ಅಂತ ಓಡುತ್ತಿರುತ್ತಾರೆ.

ಮೊದಲು ಫೋನ್ ಮಾಡಿ. ಬರಲಾ ಅಂತ ಕೇಳಿ. ಕೈಯಲ್ಲಿ ಊಟಕ್ಕಾಗುವಂಥದ್ದು ಏನಾದರೂ ಇರಲಿ. ಡಿಸೆಂಬರ್ ಅವರೆಕಾಯಿ ಕಾಲ, ಒಂದು ಡಬ್ಬಿ ಅವರೆಕಾಳು ಸಾರು ಸಾಕು. ತೊಳೆದು ವಾಪಸ್ ಕೊಡಬೇಕಾದ ಡಬ್ಬಿ ಬೇಡ. ಇಪ್ಪತ್ತು ನಿಮಿಷ ಕೂರಿ.

ಏನು ಮಾತಾಡಬೇಕು ಅಂತ ಎಲ್ಲರೂ ಕೇಳುತ್ತಾರೆ. ತೀರಿಕೊಂಡವರ ಹೆಸರು ಹೇಳಿ. ಅಥವಾ ನಿಮ್ಮ ಅಮ್ಮ, ನಿಮ್ಮ ಅಣ್ಣ ಅಂತ ಹೇಳಿ. "ನಿಮ್ಮಮ್ಮ ಪ್ರತಿ ವರ್ಷ ಕ್ರಿಸ್‌ಮಸ್‌ಗೆ ಕಲ್‌ಕಲ್ ತಿಂಡಿ ಕಳಿಸ್ತಿದ್ರು, ಬಾಚಣಿಗೆ ಮೇಲೆ ಒತ್ತಿ ಸುರುಳಿ ಮಾಡ್ತಿದ್ರು, ನೆನಪಾಯ್ತು." ಇಷ್ಟು ಸಾಕು. ಅವರ ಹೆಸರು ಎತ್ತಿದರೆ ಅಳುತ್ತಾರೇನೋ ಅಂತ ನಾವು ಹೆದರಿ ಸುಮ್ಮನಿರುತ್ತೇವೆ. ಅವರೋ, ಎಲ್ಲರೂ ಮರೆತುಬಿಟ್ಟರಲ್ಲ ಅಂತ ಒಳಗೊಳಗೇ ನೊಂದುಕೊಳ್ಳುತ್ತಿರುತ್ತಾರೆ.

ಹೇಳಬಾರದವು: "ದೇವರ ಚಿತ್ತ." "ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ತಾನೆ." "ನಮ್ಮ ಭಾವನವರಿಗೂ ಹೀಗೇ ಆಯ್ತು." "ಯಾವ ಆಸ್ಪತ್ರೆ? ಮುಂಚೆಯೇ ತೋರಿಸಬಾರದಿತ್ತಾ?" ಈ ಕೊನೆಯ ಪ್ರಶ್ನೆ ತಿಂಗಳುಗಟ್ಟಲೆ ನಿದ್ದೆ ಕೆಡಿಸುತ್ತದೆ. ದಯವಿಟ್ಟು ಕೇಳಬೇಡಿ.

ಹೊರಡುವಾಗ ಪ್ರಾರ್ಥನೆ ಮಾಡಲಾ ಅಂತ ಕೇಳಿ. ಬೇಡ ಅಂದರೆ ಬೇಡ. ಮನೆಗೆ ಬಂದು ನಿಮ್ಮ ರೀತ್ ಮುಂದೆ ಅವರ ಹೆಸರು ಹೇಳಿ ಪ್ರಾರ್ಥಿಸಿ.

ಹಂತ 7: ದುಃಖ ನಿಮ್ಮ ಮನೆಯಲ್ಲೇ ಇದ್ದರೆ

ಸಾವಾದ ವರ್ಷ ಹಬ್ಬ ಮಾಡದಿರುವುದು ನಮ್ಮ ಕಡೆ ರೂಢಿ. ಸ್ಟಾರ್ ಕಟ್ಟುವುದಿಲ್ಲ, ಸಿಹಿ ಮಾಡುವುದಿಲ್ಲ. ಅದನ್ನು ಮುರಿಯಿರಿ ಅಂತ ನಾನು ಹೇಳುವುದಿಲ್ಲ. ಅಡ್ವೆಂಟ್‌ಗೆ ಸಿಹಿ ಬೇಕಾಗಿಲ್ಲ, ಹೊಸ ಬಟ್ಟೆ ಬೇಕಾಗಿಲ್ಲ. ಬೇಕಾಗಿರುವುದು ಕತ್ತಲು ಮತ್ತು ಒಂದು ಬೆಂಕಿಕಡ್ಡಿ. ಕತ್ತಲು ನಿಮ್ಮ ಹತ್ತಿರ ಆಗಲೇ ಇದೆ.

ಪ್ರಾರ್ಥನೆ ಬರುತ್ತಿಲ್ಲ, ಬಾಯಿ ಕಟ್ಟಿದ ಹಾಗಾಗಿದೆ ಅನ್ನುವವರಿಗೆ ನಾನು ಲೂಕ 1ರ ಜಕರೀಯನನ್ನು ತೋರಿಸುತ್ತೇನೆ. ವಯಸ್ಸಾದ ಯಾಜಕ. ಮಕ್ಕಳಿಲ್ಲದೆ, ಕಾದು ಕಾದು ಸೋತವನು. ಮಗ ಹುಟ್ಟುತ್ತಾನೆ ಅಂತ ದೇವದೂತ ಹೇಳಿದರೂ ನಂಬಲು ಆಗಲಿಲ್ಲ. ಮಾತು ನಿಂತುಹೋಯಿತು. ಮಗು ಹುಟ್ಟಿ ಹೆಸರಿಡುವ ದಿನದವರೆಗೆ, ತಿಂಗಳುಗಟ್ಟಲೆ ಅವನ ಬಾಯಿಂದ ಒಂದು ಮಾತಿಲ್ಲ. ಕೊನೆಗೆ ಒಂದು ಹಲಗೆ ಕೇಳಿ ಇಸಿದುಕೊಂಡು, ಅವನ ಹೆಸರು ಯೋಹಾನ ಅಂತ ಬರೆದ. ಆಗ ನಾಲಿಗೆ ಸಡಿಲವಾಯಿತು. ಬಾಯಿ ತೆರೆದ ಕೂಡಲೇ ಅವನು ಮಾಡಿದ್ದು ದೇವರ ಕೊಂಡಾಟ. ಇದನ್ನು ಓದುವಾಗಲೆಲ್ಲ ನನಗೆ ಅನ್ನಿಸುವುದು ಒಂದೇ. ಆ ಮೌನದ ತಿಂಗಳುಗಳು ವ್ಯರ್ಥವಾಗಿರಲಿಲ್ಲ. ಅವನಿಗೆ ಮಾತು ಬರದಿದ್ದಾಗಲೂ ಮಗು ಒಳಗೆ ಬೆಳೆಯುತ್ತಿತ್ತು. ಸ್ತೋತ್ರ ಬಂದದ್ದು ಮೌನ ಆದ ಮೇಲೆ.

ಆದ್ದರಿಂದ ಮೊದಲ ವಾರ ಬರೀ ಕೂರಿ. ಕ್ಯಾಂಡಲ್ ಹಚ್ಚಿ, ಏನೂ ಓದಬೇಡಿ, ಏನೂ ಹೇಳಬೇಡಿ. ನೋಟ್‌ಬುಕ್‌ನ ಆ ಪುಟಗಳನ್ನು ಖಾಲಿ ಬಿಡಿ, ತಾರೀಖು ಮಾತ್ರ ಹಾಕಿ. ಎರಡನೇ ವಾರದಲ್ಲಿ ಹೋದವರ ಬಗ್ಗೆ ಒಂದೊಂದು ನೆನಪು ಬರೆಯಿರಿ. ಅದೂ ಸ್ತೋತ್ರವೇ.

ಅವರ ಹಳೇ ಕಾಟನ್ ಸೀರೆ, ಪಂಚೆ ಇದ್ದರೆ ಸಿಂಬೆಗೆ ಅದನ್ನೇ ತಿರುಚಿ. ನಮ್ಮ ಮನೆಯ ರೀತ್ ಒಳಗೆ ಅಜ್ಜಿಯ ಕಂದು ಬಣ್ಣದ ಸೀರೆ ಇದೆ. ಎಲೆ ಒಣಗಿ ಸರಿದಾಗ ಅದರ ಅಂಚು ಕಾಣುತ್ತದೆ. ಅಷ್ಟು ವರ್ಷ ಒಗೆದರೂ ಬಿಗಿಯಾಗಿ ನಿಲ್ಲುತ್ತದೆ ಆ ಬಟ್ಟೆ.

ಕ್ಯಾರಲ್ ತಂಡದ ವಿಷಯ. ರಾತ್ರಿ ಹತ್ತಕ್ಕೆ ಗಿಟಾರ್, ಡೋಲು ತೆಗೆದುಕೊಂಡು ಯುವಕರ ತಂಡ ಬರುತ್ತದೆ. ಬಾಗಿಲು ತೆಗೆಯಲು ಮನಸ್ಸಾಗುವುದಿಲ್ಲ, ತೆಗೆಯದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವ ಸಂಕಟ. ಮುಂಚೆಯೇ ಅಯ್ಯನವರಿಗೆ ಅಥವಾ ತಂಡದ ಒಬ್ಬರಿಗೆ ಹೇಳಿಬಿಡಿ. "ಈ ವರ್ಷ ಬರಬೇಡಿ" ಅನ್ನಬಹುದು. "ಬನ್ನಿ, ಡೋಲು ಬೇಡ, ಒಂದೇ ಹಾಡು ಮೆಲ್ಲಗೆ ಹಾಡಿ ಪ್ರಾರ್ಥನೆ ಮಾಡಿ ಹೋಗಿ" ಅಂತಲೂ ಅನ್ನಬಹುದು. ಎರಡನೆಯದನ್ನು ಹೇಳಿದವರು ಆಮೇಲೆ ಒಳ್ಳೆಯದಾಯಿತು ಅಂದಿದ್ದಾರೆ.

ದುಃಖ ತಿಂಗಳುಗಟ್ಟಲೆ ಹಾಗೇ ಇದ್ದು, ನಿದ್ದೆ ಊಟ ಬಿಟ್ಟುಹೋಗಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಪ್ರಾರ್ಥನೆಯ ಜೊತೆಗೆ ವೈದ್ಯರನ್ನೂ ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೂ ಮಾತಾಡಬಹುದು. ಇದರಿಂದ ನಂಬಿಕೆ ಕಡಿಮೆ ಅಂತ ಆಗುವುದಿಲ್ಲ.

ಹಂತ 8: ಕೊನೆಯ ವಾರ, ಗೋದಲಿ

ಗೋದಲಿ ಅಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ. ಮರಿಯ ಮಗುವನ್ನು ಮಲಗಿಸಿದ್ದು ಅದರಲ್ಲಿ. ಈಗ ಯೇಸು ಹುಟ್ಟಿದ ದೃಶ್ಯವನ್ನು ಗೊಂಬೆಗಳಲ್ಲಿ ಜೋಡಿಸುವ ಇಡೀ ಕ್ರಿಬ್‌ಗೂ ಅದೇ ಹೆಸರು ಬಂದಿದೆ. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಅನ್ನುವ ಊರಿನಲ್ಲಿ ನಿಜವಾದ ಎತ್ತು, ಕತ್ತೆ, ಹುಲ್ಲು ಇಟ್ಟು ಆ ರಾತ್ರಿಯನ್ನು ಜನರಿಗೆ ತೋರಿಸಿದರು.

ಮನೆಯಲ್ಲಿ ಗೋದಲಿ ಜೋಡಿಸುವುದಾದರೆ ತೊಟ್ಟಿಯನ್ನು 24ರ ರಾತ್ರಿಯವರೆಗೆ ಖಾಲಿ ಇಡಿ. ಪಕ್ಕದಲ್ಲಿ ಒಂದು ಹಿಡಿ ಹುಲ್ಲು. ಹಣ್ಣಿನ ಬುಟ್ಟಿಗೆ ಹಾಸಿರುವ ಭತ್ತದ ಹುಲ್ಲು ಕೇಳಿದರೆ ಅಂಗಡಿಯವರು ಕೊಡುತ್ತಾರೆ. ಮಕ್ಕಳು ಯಾರಿಗಾದರೂ ಸಹಾಯ ಮಾಡಿದ ದಿನ ಒಂದು ಎಳೆ ಹುಲ್ಲು ತೊಟ್ಟಿಗೆ ಹಾಕಲಿ. ಯಾರದು ಎಷ್ಟು ಎಳೆ ಅಂತ ಮಾತ್ರ ಎಣಿಸಬೇಡಿ. ಎಣಿಸಲು ಶುರು ಮಾಡಿದರೆ ಜಗಳವೂ ಶುರು.

ಹೊರಗೆ ಕಾಗದದ ಸ್ಟಾರ್ ಕಟ್ಟುವವರು ಎಲ್.ಇ.ಡಿ. ಬಲ್ಬನ್ನೇ ಹಾಕಿ. ಹಳೇ ಕಾಲದ ಬಿಸಿಯಾಗುವ ಬಲ್ಬು ಕಾಗದ ಸುಡುತ್ತದೆ.

ಈ ವಾರ ಒಂದು ಸಂಜೆ ಲೂಕ 2:25-38 ಓದಿ. ಸಿಮೆಯೋನ, ಅನ್ನಾ ಅನ್ನುವ ಇಬ್ಬರು ಮುದುಕರು. ಸಿಮೆಯೋನ ಸಂತೈಸುವಿಕೆಗಾಗಿ ಕಾದವನು. ಅನ್ನಾ 84 ವರ್ಷದ ವಿಧವೆ. ಮಗುವನ್ನು ಕಂಡ ಕೂಡಲೇ ಅವಳು ದೇವರಿಗೆ ಸ್ತೋತ್ರ ಮಾಡಿದಳು. ಓದಿದ ಮೇಲೆ ನಿಮ್ಮ ಬೀದಿಯಲ್ಲಿ ಒಬ್ಬರೇ ಇರುವ ಅಜ್ಜಿಯೋ ತಾತನೋ ಯಾರಿದ್ದಾರೆ ಅಂತ ಯೋಚಿಸಿ. 24ರ ಸಂಜೆ ಅವರನ್ನು ಮನೆಗೆ ಕರೆಯಿರಿ. ರಾತ್ರಿ ಆರಾಧನೆಗೆ ಹೋಗಲು ಅವರಿಗೆ ಆಟೋ ಸಿಗುವುದಿಲ್ಲ, ಸ್ವೆಟರ್ ಹಾಕಿಸಿ ಜೊತೆಗೆ ಕರೆದುಕೊಂಡು ಹೋಗಿ.

ಆರಾಧನೆ ಮುಗಿಸಿ ಬಂದು ನಾಲ್ಕೂ ಕ್ಯಾಂಡಲ್ ಹಚ್ಚಿ. ನಡುವೆ ಬಿಳಿ ಕ್ಯಾಂಡಲ್ ಇಟ್ಟು ಅದನ್ನೂ ಹಚ್ಚಿ. ಮಗುವಿನ ಗೊಂಬೆಯನ್ನು ಮನೆಯ ಚಿಕ್ಕವರು ಹುಲ್ಲಿನ ಮೇಲೆ ಮಲಗಿಸಲಿ. ಲೂಕ 2:1-20 ಓದಿ. ಆಮೇಲೆ ನೋಟ್‌ಬುಕ್ ತೆಗೆದು ಮೊದಲ ಪುಟದಿಂದ ಒಬ್ಬೊಬ್ಬರು ಒಂದೊಂದು ಪುಟ ಜೋರಾಗಿ ಓದಿ. ಖಾಲಿ ಪುಟ ಬಂದರೆ ತಾರೀಖು ಮಾತ್ರ ಓದಿ, ಒಂದು ಉಸಿರು ನಿಲ್ಲಿಸಿ, ಮುಂದಿನ ಪುಟಕ್ಕೆ ಹೋಗಿ.

ಜ್ಞಾನಿಗಳು ಮಗುವನ್ನು ಕಂಡದ್ದನ್ನು ನೆನೆಯುವ ಜನವರಿ 6ರ ಹಬ್ಬ ಆದ ಮೇಲೆ ಎಲೆ ತೆಗೆದು ಹಸಿ ಕಸಕ್ಕೆ ಹಾಕಿ. ಸೀರೆ ಒಗೆದು, ಒಣಗಿಸಿ, ನೋಟ್‌ಬುಕ್ ಅದರಲ್ಲೇ ಸುತ್ತಿ ಎತ್ತಿಡಿ. ಅರ್ಧ ಉರಿದ ಕ್ಯಾಂಡಲ್ ಬಿಸಾಡಬೇಡಿ, ಕರೆಂಟ್ ಹೋದಾಗ ಬೇಕಾಗುತ್ತದೆ.